ಒಂದು ಹಗಲಿನ ಪ್ರಯಾಣ

ದಾರಿ ದುರ್ಗಮವಾಗಿದ್ದ ಕಾಲದಲ್ಲಿ ಪ್ರಯಾಣಿಕನು ತಾನಾಗಿಯೇ ಎಚ್ಚರದಿಂದ ಇರುತ್ತಿದ್ದನು. ಹೊಂಡ, ತಿರುವು, ಊರ ನಡುವಣ ಸಂತೆ, ಎದುರಿನಿಂದ ಬರುವ ಎತ್ತಿನ ಗಾಡಿ, ಇವೆಲ್ಲವೂ ಅವನ ವೇಗಕ್ಕೆ ಕಡಿವಾಣ ಹಾಕುತ್ತಿದ್ದವು. ದಾರಿ ಸುಗಮವಾದೊಡನೆ ಆ ಕಡಿವಾಣವು ಪ್ರಯಾಣಿಕನ ಕೈಗೇ ಬಂದುಬಿಡುತ್ತದೆ. ಮೈಸೂರಿಗೂ ಬೆಂಗಳೂರಿಗೂ ನಡುವಣ ಹೆದ್ದಾರಿಯ ವಿಷಯದಲ್ಲಿ ಈ ಸತ್ಯವನ್ನು ನಾವೆಲ್ಲರೂ ಕಣ್ಣಾರೆ ಕಂಡಿದ್ದೇವೆ. “ಬೆಳಗ್ಗೆ ಹೋಗಿ ಸಂಜೆಗೆ ಬಂದುಬಿಡುತ್ತೇನೆ” ಎಂಬ ಮಾತು ಈಗ ಮೈಸೂರಿನ ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಆಡುವುದಕ್ಕೆ ಆ ಮಾತು ಸುಲಭವೇ ಸರಿ. ಅದನ್ನು ಕ್ಷೇಮವಾಗಿ ನಡೆಸುವುದಕ್ಕೆ ಯಾವ ಏರ್ಪಾಡು ಬೇಕೆಂಬುದೇ ಇಂದಿನ ನಮ್ಮ ವಿಚಾರ.

2023 ರ ಮಾರ್ಚ್ 12 ರಂದು ಮಂಡ್ಯದಲ್ಲಿ ಪ್ರಧಾನಮಂತ್ರಿಗಳು ಈ ಹೆದ್ದಾರಿಯನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಸುಮಾರು 118 ಕಿಲೋಮೀಟರ್ ಉದ್ದದ ಈ ದಾರಿಗೆ ಸುಮಾರು 8,480 ಕೋಟಿ ರೂಪಾಯಿ ವೆಚ್ಚವಾಯಿತೆಂದು ಸರಕಾರವು ಪ್ರಕಟಿಸಿತು. ನಡುವೆ ಆರು ಪಥಗಳ ಮುಖ್ಯ ರಸ್ತೆ, ಎರಡೂ ಮಗ್ಗುಲುಗಳಲ್ಲಿ ಸ್ಥಳೀಯರ ಸಂಚಾರಕ್ಕಾಗಿ ಸೇವಾ ರಸ್ತೆ, ಶ್ರೀರಂಗಪಟ್ಟಣ, ಮಂಡ್ಯ, ಚನ್ನಪಟ್ಟಣ, ರಾಮನಗರ, ಬಿಡದಿಗಳನ್ನು ಬಳಸಿ ಹೋಗುವ ಹೊರದಾರಿಗಳು, ಹೀಗೆ ಅದರ ರಚನೆ. ಅದಕ್ಕೆ ಮೊದಲು ಮೂರು ಗಂಟೆ ಹಿಡಿಯುತ್ತಿದ್ದ ಪ್ರಯಾಣವು 75 ನಿಮಿಷಗಳಿಗೆ ಇಳಿಯುವುದೆಂದು ಆಗ ಸಾರಲಾಯಿತು.

ಈ 75 ನಿಮಿಷಗಳ ಮಾತನ್ನೇ ನಾವು ಮೊದಲು ಪರೀಕ್ಷಿಸತಕ್ಕದ್ದು. 118 ಕಿಲೋಮೀಟರನ್ನು 75 ನಿಮಿಷಗಳಲ್ಲಿ ಮುಗಿಸಬೇಕಾದರೆ ಎಲ್ಲಿಯೂ ನಿಲ್ಲದೆ ಗಂಟೆಗೆ ಸರಾಸರಿ 94 ಕಿಲೋಮೀಟರ್ ವೇಗದಲ್ಲಿ ಓಡಬೇಕು. ಸುಂಕದ ಕಟ್ಟೆಯಲ್ಲಿ ತಡೆ, ಮಳೆ, ಮುಂದಿನ ಲಾರಿಯ ಮಂದಗತಿ, ಇವು ಯಾವುವೂ ಆ ಲೆಕ್ಕದಲ್ಲಿ ಸೇರಿಲ್ಲ. ಅದೂ ಅಲ್ಲದೆ ಆ ಲೆಕ್ಕವು ರಸ್ತೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಮಾತ್ರ ಹಾಕಿದುದು. ನಮ್ಮ ಕೆಲಸವಾದರೋ ರಸ್ತೆಯ ತುದಿಯಲ್ಲಿ ಇರುವುದಿಲ್ಲ. ಮೈಸೂರಿನ ಮನೆಯ ಬಾಗಿಲಿನಿಂದ ಹೊರವರ್ತುಲ ರಸ್ತೆಯವರೆಗಿನ ದಾರಿಯೂ, ಕೆಂಗೇರಿಯಿಂದ ಬೆಂಗಳೂರಿನ ನಡುವಣ ಕಚೇರಿಯವರೆಗಿನ ದಾರಿಯೂ ಪ್ರಯಾಣದ ಅಂಗಗಳೇ. ಬೆಂಗಳೂರಿನ ಆ ಹತ್ತು ಹದಿನೈದು ಕಿಲೋಮೀಟರ್, ವಾಹನಸಂದಣಿಯ ವೇಳೆಯಲ್ಲಿ, ಹೆದ್ದಾರಿಯ ನೂರು ಕಿಲೋಮೀಟರಿನಷ್ಟು ಹೊತ್ತನ್ನು ನುಂಗಬಲ್ಲುದೆಂಬುದನ್ನು ಅನುಭವಸ್ಥರು ಬಲ್ಲರು.

ಹೀಗೆ ಊರೊಳಗೆ ಕಳೆದುಕೊಂಡ ಹೊತ್ತನ್ನು ಹೆದ್ದಾರಿಯಲ್ಲಿ ಹಿಂದಕ್ಕೆ ಪಡೆಯುವೆನೆಂಬ ಆಸೆಯೇ ಅನರ್ಥಕ್ಕೆ ಮೂಲ. ಈ ಆಸೆಯ ಫಲವೆಷ್ಟೆಂಬುದನ್ನು ಅಂಕಗಣಿತವೇ ಹೇಳುತ್ತದೆ. 118 ಕಿಲೋಮೀಟರನ್ನು 80 ರ ವೇಗದಲ್ಲಿ ಕ್ರಮಿಸಿದರೆ 88 ನಿಮಿಷಗಳಿಗೆ ಸ್ವಲ್ಪ ಮಿಕ್ಕಿ ಆಗುತ್ತದೆ. 100 ರ ವೇಗದಲ್ಲಿ 71 ನಿಮಿಷ. 120 ರ ವೇಗದಲ್ಲಿ 59 ನಿಮಿಷ. ಈ ದಾರಿಯಲ್ಲಿ ಕಾರುಗಳಿಗೆ ಪೊಲೀಸರು ವಿಧಿಸಿರುವ ಮಿತಿ ಗಂಟೆಗೆ 100. ಅದನ್ನು ಉಲ್ಲಂಘಿಸಿ 120 ರಲ್ಲಿ ಆದ್ಯಂತವೂ ಓಡಿದವನಿಗೆ ದೊರೆಯುವ ಲಾಭ 12 ನಿಮಿಷಗಳು! ಎರಡು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಅದನ್ನು ಪಡೆಯುವುದಕ್ಕೆ ಹನ್ನೆರಡು ನಿಮಿಷ ಮುಂಚಿತವಾಗಿ ಮನೆ ಬಿಡುವುದೇ ಸಾಕಲ್ಲವೆ?

ಲಾಭವನ್ನು ನೋಡಿದ ಮೇಲೆ ನಷ್ಟವನ್ನೂ ನೋಡಬೇಕು. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಪ್ರತಿ ಸೆಕೆಂಡಿಗೆ ಸುಮಾರು 28 ಮೀಟರ್ ಮುಂದುವರಿಯುತ್ತದೆ. ಅಡ್ಡ ಬಂದುದನ್ನು ಕಣ್ಣು ಕಂಡು ಕಾಲು ಬ್ರೇಕಿನ ಮೇಲೆ ಬೀಳುವುದಕ್ಕೆ ಒಂದೂವರೆ ಸೆಕೆಂಡು ಹಿಡಿಯುವುದೆಂದಿಟ್ಟುಕೊಂಡರೆ, ಬ್ರೇಕು ಹಿಡಿಯುವ ಮೊದಲೇ ಕಾರು 42 ಮೀಟರ್ ಹೋಗಿಬಿಟ್ಟಿರುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿಯೂ ಅದು ಪೂರ್ಣವಾಗಿ ನಿಲ್ಲುವಷ್ಟರಲ್ಲಿ ನೂರು ಮೀಟರಿಗೆ ಸಮೀಪವಾಗುತ್ತದೆ. 120 ರ ವೇಗದಲ್ಲಿ ಈ ದೂರವು 125 ಮೀಟರನ್ನು ಮೀರುತ್ತದೆ. ಮಳೆ ಬಿದ್ದು ರಸ್ತೆ ನೆನೆದಿದ್ದರೆ ಇನ್ನೂ ಹೆಚ್ಚು. ಡಿಕ್ಕಿಯ ಪೆಟ್ಟಿನ ಬಲವಂತೂ ವೇಗದ ವರ್ಗಕ್ಕನುಸಾರವಾಗಿ ಏರತಕ್ಕದ್ದು. ವೇಗವು 100 ರಿಂದ 120 ಕ್ಕೆ ಏರಿದರೆ ಪೆಟ್ಟು ನೂರಕ್ಕೆ 44 ರಷ್ಟು ಏರುತ್ತದೆ. ಹನ್ನೆರಡು ನಿಮಿಷಗಳಿಗೆ ತೆರುವ ಬೆಲೆಯಿದು.

ಆದುದರಿಂದ ಒಂದು ಹಗಲಿನ ಪ್ರಯಾಣವನ್ನು ಯೋಜಿಸುವವನು ಹೊರಡುವ ಹೊತ್ತಿನಿಂದಲ್ಲ, ಮರಳಿ ಮನೆ ಸೇರಬೇಕಾದ ಹೊತ್ತಿನಿಂದ ಲೆಕ್ಕವನ್ನು ಆರಂಭಿಸಬೇಕೆಂಬುದು ನಮ್ಮ ಅಭಿಪ್ರಾಯ. ಕತ್ತಲೆಗೆ ಮುನ್ನ ಮೈಸೂರನ್ನು ಮುಟ್ಟಬೇಕೆಂದು ಗೊತ್ತುಮಾಡಿಕೊಂಡವನು ಸಂಜೆ ನಾಲ್ಕರೊಳಗೆ ಕೆಂಗೇರಿಯನ್ನು ಬಿಡಬೇಕು. ಹಾಗೆ ಬಿಡಬೇಕಾದರೆ ಕಚೇರಿಯ ಕೆಲಸವು ಎರಡೂವರೆಗೆ ಮುಗಿಯಬೇಕು. ಹತ್ತು ಗಂಟೆಗೆ ಕಚೇರಿಯ ಬಾಗಿಲಲ್ಲಿ ಇರಬೇಕಾದರೆ ಬೆಳಗ್ಗೆ ಆರಕ್ಕೆ ಮನೆ ಬಿಡುವುದು ಕ್ಷೇಮ. ಹೀಗೆ ಎಣಿಸಿದಾಗ ಊಟದ ವೇಳೆಯೂ ಸೇರಿ ಬೆಂಗಳೂರಿನಲ್ಲಿ ನಮಗೆ ಉಳಿಯುವುದು ನಾಲ್ಕೂವರೆ ಗಂಟೆ. ಅದರಲ್ಲಿ ಒಂದು ಮುಖ್ಯಕಾರ್ಯವೂ ಒಂದು ಚಿಕ್ಕ ಕಾರ್ಯವೂ ಸಾಗಬಹುದು. ಕಚೇರಿ, ನ್ಯಾಯಾಲಯ, ಆಸ್ಪತ್ರೆ, ಬಂಧುಗಳ ಮನೆಯ ಮದುವೆ, ಚಿಕ್ಕಪೇಟೆಯ ಜವಳಿ, ಈ ಎಲ್ಲವನ್ನೂ ಒಂದೇ ಹಗಲಿನ ಚೀಲಕ್ಕೆ ತುರುಕುವವನು ಬೆಳಗ್ಗೆಯೇ ತನ್ನ ರಾತ್ರಿಯ ವೇಗವನ್ನು ನಿಶ್ಚಯಿಸಿಕೊಂಡಂತೆ.

ಬೆಂಗಳೂರಿನ ಒಳಗಣ ಕಷ್ಟಕ್ಕೆ ಈಗ ಒಂದು ಪರಿಹಾರವುಂಟು. ನಮ್ಮ ಮೆಟ್ರೋದ ನೇರಳೆ ಮಾರ್ಗವು 2021 ರ ಆಗಸ್ಟಿನಲ್ಲಿ ಕೆಂಗೇರಿಗೂ, 2023 ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೂ ಬಂದಿದೆ. ವಾಹನ ನಿಲ್ಲಿಸಲು ಸ್ಥಳವಿರುವ ನಿಲ್ದಾಣವನ್ನು ಮೊದಲೇ ವಿಚಾರಿಸಿಕೊಂಡು ಕಾರನ್ನು ಅಲ್ಲಿಯೇ ಬಿಟ್ಟು, ರೈಲನ್ನೇರಿದರೆ ಮೆಜೆಸ್ಟಿಕ್ಕಿಗಾಗಲಿ ವಿಧಾನಸೌಧಕ್ಕಾಗಲಿ ಬಂಡಿ ಬದಲಿಸದೆ ಹೋಗಬಹುದು. ಹೊತ್ತು ಎಷ್ಟಾಗುವುದೆಂಬುದು ಮುಂಚಿತವಾಗಿ ತಿಳಿದಿರುತ್ತದೆ. ಚಾಲಕನಿಗೆ ವಿಶ್ರಾಂತಿಯೂ ದೊರೆಯುತ್ತದೆ. ಒಬ್ಬಿಬ್ಬರೇ ಹೋಗುವವರು ಮೈಸೂರಿನಿಂದಲೇ ರೈಲನ್ನು ಹಿಡಿಯುವುದು ಅನೇಕ ವೇಳೆ ಇದಕ್ಕಿಂತಲೂ ಉತ್ತಮವೆಂಬುದನ್ನು ನಾವು ಮರೆಮಾಚಲಾರೆವು. ಕಾರಿನ ಪ್ರಯಾಣವು ಮುದುಕರು, ರೋಗಿಗಳು, ಮಕ್ಕಳು, ಸಾಮಾನು ಇವುಗಳೊಡನೆ ಹೋಗುವವರಿಗೆ ನಿಜವಾಗಿ ಒಪ್ಪತಕ್ಕದ್ದು.

ಹೊರಡುವ ಹಿಂದಿನ ದಿನವೇ ಟೈರುಗಳ ಗಾಳಿ, ಸ್ಟೆಪ್ನಿ, ಬ್ರೇಕು, ದೀಪ, ಇಂಧನಗಳನ್ನು ನೋಡಿಕೊಳ್ಳಬೇಕು. ಮುಂದಿನ ಗಾಜನ್ನು ಒರಸಿಡುವುದನ್ನು ಮರೆಯಬಾರದು. ಮೈಸೂರಿನಿಂದ ಬೆಂಗಳೂರು ಈಶಾನ್ಯಕ್ಕಿರುವುದರಿಂದ, ಬೆಳಗ್ಗೆ ಹೋಗುವವನಿಗೆ ಉದಯಸೂರ್ಯನೂ ಸಂಜೆ ಮರಳುವವನಿಗೆ ಅಸ್ತಸೂರ್ಯನೂ ಬಹುಮಟ್ಟಿಗೆ ಎದುರಿನಲ್ಲಿಯೇ ಇರುತ್ತಾನೆ. ಧೂಳು ಕಟ್ಟಿದ ಗಾಜಿನ ಮೇಲೆ ಆ ಬಿಸಿಲು ಬಿದ್ದರೆ ಮುಂದಿನ ಬಂಡಿಯೇ ಕಾಣದು. ಸುಂಕಕ್ಕೆ ಫಾಸ್ಟ್ಯಾಗ್ 2021 ರ ಫೆಬ್ರವರಿಯಿಂದ ಕಡ್ಡಾಯವಾಗಿರುವುದರಿಂದ ಅದರಲ್ಲಿ ಹಣವಿದೆಯೆ ಎಂದು ನೋಡಿಕೊಳ್ಳಬೇಕು. 24 ಗಂಟೆಗಳೊಳಗೆ ಮರಳುವವನಿಗೆ ಹೋಗಿಬರುವ ಸುಂಕವು ಒಂದು ಸಲದ ಸುಂಕದ ಒಂದೂವರೆಯಷ್ಟು ಮಾತ್ರ ಆಗುವುದೆಂಬ ನಿಯಮವು ಹಗಲ ಪ್ರಯಾಣಿಕನಿಗೆ ಅನುಕೂಲವಾದುದು. ಪದೇ ಪದೇ ಹೋಗುವ ಸ್ವಂತ ಕಾರಿನವರಿಗೆ 2025 ರ ಆಗಸ್ಟ್ 15 ರಂದು, 200 ಬಾರಿಯ ಸಂಚಾರಕ್ಕೆ 3,000 ರೂಪಾಯಿಯಂತೆ, ವಾರ್ಷಿಕ ಪಾಸೂ ಜಾರಿಗೆ ಬಂದಿತು. ಸೀಟು ಬೆಲ್ಟು ಮುಂದಿನವರಿಗೆ ಮಾತ್ರವೆಂಬ ಭ್ರಮೆ ಇನ್ನೂ ಹೋಗಿಲ್ಲ. ಹಿಂದಿನ ಆಸನದವರಿಗೂ ಅದು ಕಾನೂನಿನಂತೆ ಅವಶ್ಯಕ.

ನಿದ್ರೆಯ ಮಾತನ್ನೂ ಹೇಳಬೇಕಾಗಿದೆ. ಆರು ಪಥಗಳ ಸಮತಟ್ಟಾದ ನೇರ ರಸ್ತೆ ಕಣ್ಣಿಗೆ ಜೋಂಪು ತರುತ್ತದೆ. ಮಧ್ಯಾಹ್ನದ ಊಟವಾದ ಮೇಲಿನ ಎರಡು ಗಂಟೆಗಳೂ, ನಡುರಾತ್ರಿಯಿಂದ ಬೆಳಗಿನ ಜಾವದವರೆಗಿನ ಹೊತ್ತೂ ತೂಕಡಿಕೆಗೆ ಪ್ರಸಿದ್ಧವಾದವು. ಕಾಫಿ, ಹಾಡು, ತೆರೆದ ಕಿಟಕಿ, ಇವು ನಿದ್ರೆಯನ್ನು ಮುಂದೂಡಿಯಾವೇ ಹೊರತು ನಿವಾರಿಸಲಾರವು. ನಿವಾರಿಸತಕ್ಕದ್ದು ನಿದ್ರೆಯೊಂದೇ. ಆಯಾಸವೆನಿಸಿದೊಡನೆ ಹೆದ್ದಾರಿಯಿಂದ ಇಳಿದು, ಜನವಿರುವ ಸ್ಥಳದಲ್ಲಿ ಕಾರು ನಿಲ್ಲಿಸಿ, ಇಪ್ಪತ್ತು ನಿಮಿಷ ಕಣ್ಣು ಮುಚ್ಚುವುದು ಯಾರಿಗೂ ಅವಮಾನವಲ್ಲ. ಮುಖ್ಯ ರಸ್ತೆಯ ಅಂಚಿನಲ್ಲಿ ಮಾತ್ರ ನಿಲ್ಲಿಸಕೂಡದು.

ಇಳಿದು ನಿಲ್ಲುವುದಕ್ಕೆ ಇನ್ನೊಂದು ಕಾರಣವೂ ಉಂಟು. ಹಳೆಯ ದಾರಿಯು ಊರುಗಳನ್ನು ಹಾದು ಹೋಗುತ್ತಿತ್ತು. ಮದ್ದೂರಿನ ವಡೆ, ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಬೊಂಬೆ, ಇವು ದಾರಿಹೋಕರ ಹಣದಿಂದ ಬೆಳೆದುಬಂದ ಕಸುಬುಗಳು. ಹೊರದಾರಿಗಳು ಬಂದ ಮೇಲೆ ಗಿರಾಕಿಯು ಅಂಗಡಿಯ ಬಾಗಿಲಿನಿಂದ ದೂರ ಸರಿದನು. ಈ ಊರುಗಳ ಭೂಮಿಯ ಮೇಲೆಯೇ ನಾವು ಓಡುತ್ತೇವೆ. ಹೋಗುವಾಗಲೋ ಬರುವಾಗಲೋ ಅರ್ಧ ಗಂಟೆ ಒಂದು ಊರೊಳಗೆ ಕಳೆದರೆ ಚಾಲಕನ ದಣಿವೂ ಆರುತ್ತದೆ, ಊರಿನವರಿಗೂ ನಾಲ್ಕು ಕಾಸು ದಕ್ಕುತ್ತದೆ. ಎಲ್ಲಿ ಇಳಿಯಬೇಕು, ಎಲ್ಲಿ ಮರಳಿ ಏರಬೇಕು ಎಂಬುದನ್ನು ಮಾತ್ರ ಮನೆಯಲ್ಲಿಯೇ ನಕ್ಷೆ ನೋಡಿ ಗೊತ್ತುಮಾಡಿಕೊಳ್ಳಬೇಕು. ಇಳಿವು ತಪ್ಪಿದವರು ಮುಖ್ಯ ರಸ್ತೆಯಲ್ಲಿ ಹಿಮ್ಮುಖವಾಗಿ ಚಲಿಸುವುದು ಆತ್ಮಘಾತಕ್ಕೆ ಸಮಾನ.

ದಾರಿಯ ಪಕ್ಕದ ಜನರ ವಿಷಯದಲ್ಲಿ ನಮಗೊಂದು ಕರ್ತವ್ಯವಿದೆ. 2023 ರ ಆಗಸ್ಟ್ 1 ರಿಂದ ದ್ವಿಚಕ್ರ ವಾಹನ, ಆಟೋ, ಟ್ರಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ. ಅಪಘಾತಗಳು ಪದೇ ಪದೇ ಸಂಭವಿಸಿದುದರಿಂದ ಈ ನಿಷೇಧವು ಬಂದಿತು. ರೈತನು ಹೊಲಕ್ಕೆ, ವಿದ್ಯಾರ್ಥಿಯು ಶಾಲೆಗೆ, ಕೂಲಿಯವನು ಕಾರ್ಖಾನೆಗೆ ಸೇವಾ ರಸ್ತೆಯಲ್ಲಿಯೇ ಹೋಗಬೇಕು. ಸುಂಕ ತಪ್ಪಿಸಲೆಂದೋ, ಮುಂದಿನ ಸಂದಣಿಯನ್ನು ದಾಟಲೆಂದೋ ಕಾರುಗಳು ಸೇವಾ ರಸ್ತೆಗೆ ಇಳಿದು ಹೆದ್ದಾರಿಯ ವೇಗದಲ್ಲಿಯೇ ಓಡುವುದು ಈ ಜನರಿಗೆ ಉಳಿದಿರುವ ಒಂದೇ ದಾರಿಯನ್ನೂ ಕಸಿದುಕೊಂಡಂತೆ.

ಅಪಘಾತವನ್ನು ಕಂಡರೆ ತಿರುಗಿ ನೋಡದೆ ಹೋಗುವ ಹೇಡಿತನವು ಸುಶಿಕ್ಷಿತರಿಗೆ ಒಪ್ಪುವುದಿಲ್ಲ. “ಪೊಲೀಸರ ತಂಟೆ, ಕೋರ್ಟಿನ ಅಲೆದಾಟ” ಎಂಬ ಹಳೆಯ ಭಯಕ್ಕೆ ಈಗ ಆಧಾರವಿಲ್ಲ. ಗಾಯಾಳುವಿಗೆ ಸದ್ಭಾವದಿಂದ ನೆರವಾದವನ ಮೇಲೆ ಮೊಕದ್ದಮೆ ಹೂಡದಂತೆಯೂ, ಅವನ ಹೆಸರು ವಿಳಾಸಗಳನ್ನು ಒತ್ತಾಯಿಸಿ ಕೇಳದಂತೆಯೂ 2019 ರಲ್ಲಿ ಮೋಟಾರು ವಾಹನ ಕಾಯಿದೆಗೆ ಸೇರಿಸಿದ 134-ಎ ಪ್ರಕರಣವು ರಕ್ಷಣೆ ಕೊಟ್ಟಿದೆ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033, ಆಂಬುಲೆನ್ಸ್ 108, ತುರ್ತು ಸಹಾಯ 112, ಈ ಮೂರು ಸಂಖ್ಯೆಗಳು ಕಾರಿನಲ್ಲಿರುವ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಬೇಕು.

ಕೊನೆಯದಾಗಿ ಅಧಿಕಾರಿವರ್ಗದವರಲ್ಲಿ ಒಂದು ವಿನಂತಿ. ಮೈಸೂರಿನಿಂದ, ಮಂಡ್ಯದಿಂದ, ಕೊಡಗಿನಿಂದ ಒಂದು ಸಹಿಗಾಗಿ ರಾಜಧಾನಿಗೆ ಬರುವ ಅರ್ಜಿದಾರನು ಬೆಳಗ್ಗೆ ಹತ್ತರಿಂದ ಕಚೇರಿಯ ಬೆಂಚಿನ ಮೇಲೆ ಕಾದಿರುತ್ತಾನೆ. ಸಂಜೆ ಐದೂವರೆಗೆ ಅವನ ಕಾಗದಕ್ಕೆ ಸಹಿ ಬಿದ್ದಾಗ, ಸಹಿ ಮಾಡಿದವರು ಮನೆಗೆ ಹೋಗುತ್ತಾರೆ; ಅವನು ದಣಿದ ಮೈಯೊಡನೆ, ಹಸಿದ ಹೊಟ್ಟೆಯೊಡನೆ, ಕತ್ತಲೆಯ ಹೆದ್ದಾರಿಗೆ ಇಳಿಯುತ್ತಾನೆ. ದೂರದಿಂದ ಬಂದವರ ಕೆಲಸವನ್ನು ಮಧ್ಯಾಹ್ನಕ್ಕೆ ಮುನ್ನ ಮುಗಿಸಿಕೊಡುವುದು, ಬರಬೇಕಾದ ಹೊತ್ತನ್ನು ಮುಂಚಿತವಾಗಿ ತಿಳಿಸುವುದು, ಊರಿನಲ್ಲಿಯೇ ಮುಗಿಯಬಹುದಾದುದಕ್ಕೆ ರಾಜಧಾನಿಗೆ ಕರೆಸದಿರುವುದು, ಇಷ್ಟನ್ನು ಮಾಡಿದರೆ ಕಚೇರಿಗಳು ರಸ್ತೆಯ ಮೇಲೆ ಎಷ್ಟೋ ಜೀವಗಳನ್ನು ಉಳಿಸಿದಂತಾಗುವುದು. ರಸ್ತೆಯನ್ನು ಕಟ್ಟಿದ ಸರಕಾರಕ್ಕೂ ಹೊಣೆಯುಂಟು. 2022 ರ ಆಗಸ್ಟಿನ ಮಳೆಯಲ್ಲಿ ರಾಮನಗರದ ಬಳಿ ಈ ದಾರಿಯೇ ಜಲಾವೃತವಾದುದನ್ನು ಜನರು ಮರೆತಿಲ್ಲ. ನೀರು ಹರಿದುಹೋಗುವ ಕಾಲುವೆ, ಜನರು ದಾಟುವ ಸೇತುವೆ, ಇಳಿವಿನ ಸ್ಪಷ್ಟವಾದ ಫಲಕ, ವಿಶ್ರಾಂತಿಯ ಸ್ಥಳ, ಇವು ಸುಂಕ ತೆರುವ ಪ್ರಜೆಯ ಹಕ್ಕುಗಳೇ ಹೊರತು ಯಾರೂ ಕೊಡುವ ದಾನಗಳಲ್ಲ.

ಮೈಸೂರಿಗೂ ಬೆಂಗಳೂರಿಗೂ ದೂರವನ್ನು ಕಡಮೆ ಮಾಡಿದುದು ಇಂಜಿನಿಯರುಗಳ ಕೆಲಸ. ಆ ಕಡಮೆಯಾದ ದೂರದಲ್ಲಿ ಉಳಿದ ಹೊತ್ತನ್ನು ಅವಸರಕ್ಕೆ ತೆರದೆ, ವಿವೇಕಕ್ಕೆ ಮೀಸಲಿಡುವುದು ನಮ್ಮ ಕೆಲಸ. ಕತ್ತಲಾಗುವುದಕ್ಕೆ ಮೊದಲು ಮನೆಯ ಬಾಗಿಲಲ್ಲಿ ಕಾರು ನಿಂತ ಸದ್ದನ್ನು ಕೇಳಲು ಕಾದಿರುವವರು ಪ್ರತಿಯೊಬ್ಬ ಪ್ರಯಾಣಿಕನಿಗೂ ಇದ್ದಾರೆ. ಹಗಲ ಪ್ರಯಾಣದ ಯೋಜನೆಯು ಅವರನ್ನು ನೆನೆದು ಆರಂಭವಾಗಲಿ.