ರೊಟ್ಟಿ ಹಂಚಿದ ಲೆಕ್ಕ

ಸ್ಕಾಟ್ಲೆಂಡಿನ ಅವಳಿ ಸೋದರಿಯರಾದ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಪ್ರವಾಸದಲ್ಲಿ ಕೊಂಡು ತಂದಿದ್ದ ಹೀಬ್ರೂ ಹಾಳೆಗಳನ್ನು 1896ರ ಮೇ ತಿಂಗಳಲ್ಲಿ ಕೇಂಬ್ರಿಜ್‌ನ ವಿದ್ವಾಂಸ ಸಾಲಮನ್ ಶೆಕ್ಟರ್ ಅವರಿಗೆ ತೋರಿಸಿದರು. ಅದರಲ್ಲೊಂದನ್ನು ನೋಡುತ್ತಲೇ ಶೆಕ್ಟರ್ ಬೆರಗಾದರು. ಅನುವಾದಗಳಲ್ಲಷ್ಟೇ ಇಡಿಯಾಗಿ ಉಳಿದಿದ್ದ 'ಬೆನ್ ಸಿರಾ' ಗ್ರಂಥದ ಹೀಬ್ರೂ ಪಾಠ ಅದು!

ಹಾಳೆಯ ಜಾಡು ಹಿಡಿದು ಆ ಚಳಿಗಾಲದಲ್ಲೇ ಅವರು ಈಜಿಪ್ಟಿಗೆ ಹೊರಟರು. ಹಳೆ ಕೈರೋದ ಫುಸ್ತಾತ್‌ನಲ್ಲಿ ಬೆನ್ ಎಜ್ರಾ ಎಂಬ ಯೆಹೂದಿ ಪ್ರಾರ್ಥನಾಮಂದಿರ. ಹೆಂಗಸರು ಕೂರುವ ಮೇಲಂತಸ್ತಿನ ಕೊನೆಗೆ 'ಗೆನೀಜಾ' ಎಂಬ ಕಿಟಕಿಯಿಲ್ಲದ ಕೋಣೆ. ಏಣಿ ಹತ್ತಿ ಕಂಡಿಯಿಂದ ಒಳಗಿಳಿಯಬೇಕು. ದೇವರ ಹೆಸರಿರುವ ಬರಹವನ್ನು ಬಿಸಾಡಬಾರದೆಂದು ಶತಮಾನಗಳಿಂದ ಅಲ್ಲಿ ಕಾಗದ ತುಂಬುತ್ತ ಬಂದಿದ್ದರು. ಕಾಲಿಗೆ ತಗುಲಿದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಖ್ಯ ರಬ್ಬಿಯ ಒಪ್ಪಿಗೆ ಪಡೆದು, ಉಸಿರುಗಟ್ಟಿಸುವ ಧೂಳಿನಲ್ಲಿ ಹೆಕ್ಕಿ ಶೆಕ್ಟರ್ ಕೇಂಬ್ರಿಜ್‌ಗೆ ಸಾಗಿಸಿದ ತುಣುಕುಗಳು ಸುಮಾರು 1,93,000.

ಆದರೆ ವಿದ್ವಾಂಸರ ಕಣ್ಣು ಧರ್ಮಗ್ರಂಥಗಳ ಮೇಲೆ. ಲೆಕ್ಕಪತ್ರ, ಓಲೆ, ಅರ್ಜಿಗಳೆಲ್ಲ ಬಹುಕಾಲ ಮೂಲೆಗುಂಪಾದವು. ನನ್ನ ಮಟ್ಟಿಗೆ ನಿಜವಾದ ಪತ್ತೆ ನಡೆದದ್ದು 1950ರ ದಶಕದಲ್ಲಿ, ಇತಿಹಾಸಕಾರ ಎಸ್. ಡಿ. ಗಾಯ್ಟೈನ್ ಈ 'ಕಸ'ವನ್ನು ಓದಲು ಕೂತಾಗ. ಅಕ್ಷರ ಹೀಬ್ರೂ, ಭಾಷೆ ಅರಬ್ಬಿ, ವಿಷಯ ಮಾತ್ರ ಅಪ್ಪಟ ಓಣಿಯದು. ಮಂಗಳವಾರ, ಶುಕ್ರವಾರ ಬಡವರಿಗೆ ರೊಟ್ಟಿ ಹಂಚಿದ ಪಟ್ಟಿಗಳು, ಅನಾಥ ಮಕ್ಕಳ ಓದಿನ ಖರ್ಚು, ಮದುವೆ ಕರಾರು. ಪ್ರಾರ್ಥನೆಯ ಮನೆಯೇ ನ್ಯಾಯಪೀಠವೂ ಆಗಿತ್ತು. ಅನ್ಯಾಯವಾದವರು, ಹೆಂಗಸರೂ ಸಹ, ಪ್ರಾರ್ಥನೆಯನ್ನೇ ತಡೆದು ನಿಲ್ಲಿಸಿ ದೂರು ಹೇಳಬಹುದಿತ್ತು. ಎಂಥ ಎದೆಗಾರಿಕೆಯ ಹಕ್ಕು! ಒಂದು ಕೇರಿಯ ಸಮುದಾಯ ಭವನದ ಸುಮಾರು 900 ವರ್ಷ ಹಳೆಯ ದಿನಚರಿ ಹೀಗೆ ಸಿಕ್ಕಿತು. ಗಾಯ್ಟೈನ್ ಅದನ್ನು ಐದು ಸಂಪುಟಗಳಲ್ಲಿ ಬರೆದರು.

ಅದೇ ರಾಶಿಯಲ್ಲಿ ಮಂಗಳೂರೂ ಇತ್ತು. ಅಬ್ರಹಾಂ ಬೆನ್ ಯಿಜು ಎಂಬ ವರ್ತಕ ಹನ್ನೆರಡನೆಯ ಶತಮಾನದಲ್ಲಿ ವರ್ಷಗಟ್ಟಲೆ ಮಲಬಾರ್ ಕರಾವಳಿಯಲ್ಲಿದ್ದವನು. 1132ರಲ್ಲಿ ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟದ್ದು ಮಂಗಳೂರಿನಲ್ಲೇ. ಅವನ ಪರವಾಗಿ ಏಡನ್‌ಗೆ ವ್ಯಾಪಾರಕ್ಕೆ ಹೋಗುತ್ತಿದ್ದ ಆಳಿನ ಹೆಸರು ಬೊಮ್ಮ, ಅವನು ತುಳುನಾಡಿನವನೇ ಇರಬೇಕೆಂದು ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ.

ಕೇಂಬ್ರಿಜ್‌ನಲ್ಲಿರುವ ಗೆನೀಜಾ ಹಾಳೆಗಳ ಚಿತ್ರಗಳು ಈಗ ಅಂತರ್ಜಾಲದಲ್ಲಿವೆ. ಕರಾವಳಿಯ ಇತಿಹಾಸ ಓದುವ ನಮ್ಮ ಹುಡುಗ ಹುಡುಗಿಯರು ಒಮ್ಮೆ ಅತ್ತ ಕಣ್ಣು ಹಾಯಿಸಲಿ.