ನಗುಮುಖದ ಸೇವೆ ಸಾಕೇ? ಗ್ರಾಹಕರ ಅನುಭವದ ಬಗ್ಗೆ ಕೆಲವು ತಪ್ಪು ಕಲ್ಪನೆಗಳು

ಬ್ಯಾಂಕಿನ ಗೋಡೆಯಲ್ಲಿ ಗಾಂಧೀಜಿಯ ಚಿತ್ರದ ಕೆಳಗೆ ಆ ಮಾತನ್ನು ನೀವೂ ಓದಿರುತ್ತೀರಿ. ನಮ್ಮ ಬಾಗಿಲಿಗೆ ಬರುವವರಲ್ಲಿ ಗ್ರಾಹಕನೇ ದೊಡ್ಡವನು, ನಾವು ಅವನನ್ನು ನಂಬಿ ಬದುಕುವವರೇ ಹೊರತು ಅವನು ನಮ್ಮನ್ನಲ್ಲ ಎಂಬ ಅರ್ಥದ್ದು. 1890ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಭಾಷಣದ್ದು ಎಂಬ ವಿವರವೂ ಕೆಲವು ಕಡೆ ಜೊತೆಗಿರುತ್ತದೆ. ಆದರೆ 1890ರಲ್ಲಿ ಗಾಂಧೀಜಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದರು. ದಕ್ಷಿಣ ಆಫ್ರಿಕಾಕ್ಕೆ ಕಾಲಿಟ್ಟದ್ದೇ 1893ರಲ್ಲಿ. ಹೆಚ್ಚುಕಡಿಮೆ ಇದೇ ಮಾತು 1941ರಲ್ಲಿ ಅಮೆರಿಕದ ಸ್ಟುಡೆಬೇಕರ್ ಕಾರು ಕಂಪನಿಯ ಮಾರಾಟ ವಿಭಾಗದ ಉಪಾಧ್ಯಕ್ಷ ಕೆನೆತ್ ಎಲಿಯಟ್ ಹೆಸರಿನಲ್ಲಿ ಅಚ್ಚಾಗಿ ಸಿಗುತ್ತದೆ.

ಯಾರು ಹೇಳಿದರೇನು ಎಂದು ಬಿಟ್ಟುಬಿಡಬಹುದಿತ್ತು. ಬಿಡಲು ನನಗೆ ಮನಸ್ಸಿಲ್ಲ. ಕಾರು ಮಾರುವವನೊಬ್ಬ ತನ್ನ ವ್ಯಾಪಾರದ ಲೆಕ್ಕ ಹಾಕಿ ಹೇಳಿದ ಮಾತನ್ನು ಮಹಾತ್ಮನ ಬಾಯಿಗೆ ಹಾಕಿದ ಕೂಡಲೇ ಅದು ನೀತಿಬೋಧೆಯಾಗುತ್ತದೆ. ನೀತಿಬೋಧೆಯನ್ನು ಕಟ್ಟು ಹಾಕಿಸಿ ತೂಗುಹಾಕಿದರೆ ಮುಗಿಯಿತು. ಲೆಕ್ಕವನ್ನಾದರೆ ದಿನಾ ಬರೆಯಬೇಕು.

ಅಲ್ಲಿಂದಲೇ ಹುಟ್ಟಿದ್ದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ನಂಬಿಕೆ: ಕೌಂಟರಿನವರು ನಯವಾಗಿ ಮಾತಾಡಿದರೆ ಗ್ರಾಹಕರಿಗೆ ಒಳ್ಳೆಯ ಅನುಭವ ಸಿಕ್ಕಿದ ಹಾಗೆ. ಹಾಗಾಗಿ ವರ್ಷಕ್ಕೊಂದು ತರಬೇತಿ, ಕೈ ಜೋಡಿಸಿ ನಮಸ್ಕಾರ ಹೇಳುವ ಅಭ್ಯಾಸ. ನಿವೃತ್ತ ಮೇಷ್ಟ್ರೊಬ್ಬರು ಖಾತೆಯ ಮೊಬೈಲ್ ನಂಬರ್ ಬದಲಿಸಲು ಬಂದಿದ್ದಾರೆ ಎನ್ನಿ. ಆಧಾರ್ ಜೆರಾಕ್ಸ್ ಕೊಟ್ಟಾಯಿತು, ಫಾರ್ಮ್ ತುಂಬಿದ್ದಾಯಿತು. ಆಮೇಲೆ ಕೌಂಟರಿನ ಹುಡುಗಿ, "ಸಾರಿ ಸರ್, ಸಿಸ್ಟಮ್ ತಗೊಳ್ತಿಲ್ಲ, ಖಾತೆ ತೆಗೆದ ಬ್ರಾಂಚಿಗೇ ಹೋಗಬೇಕು" ಎನ್ನುತ್ತಾಳೆ. ಎಷ್ಟು ಮೆತ್ತಗೆ ಹೇಳಿದರೂ ಮೇಷ್ಟ್ರು ಇನ್ನೊಂದು ಬಸ್ಸು ಹತ್ತಲೇಬೇಕು. ಅವರನ್ನು ಅಲೆಸಿದ್ದು ಆ ಹುಡುಗಿಯಲ್ಲ. ಮುಖ್ಯ ಕಚೇರಿಯಲ್ಲಿ ಎಂದೋ ನಿಯಮ ಬರೆದವರು, ಸಾಫ್ಟ್‌ವೇರಿಗೆ ಒಪ್ಪಿಗೆ ಕೊಟ್ಟವರು. ಬೈಗುಳ ಮಾತ್ರ ಅವಳ ಪಾಲಿಗೆ.

ಈ ಗಂಟನ್ನು ಸರಿಯಾಗಿ ಬಿಚ್ಚಿದವರಲ್ಲಿ ಒಬ್ಬರು ಯಾನ್ ಕಾರ್ಲ್‌ಸನ್. 1981ರಲ್ಲಿ ಅವರು ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ವಿಮಾನ ಸಂಸ್ಥೆಯ ಹೊಣೆ ಹೊತ್ತಾಗ ಅದು ನಷ್ಟದಲ್ಲಿತ್ತು. ಅವರ ಪ್ರಸಿದ್ಧ ಲೆಕ್ಕ ಹೀಗಿದೆ: ವರ್ಷಕ್ಕೆ 1 ಕೋಟಿ ಪ್ರಯಾಣಿಕರು, ಒಬ್ಬೊಬ್ಬರೂ ಸುಮಾರು ಐವರು ಸಿಬ್ಬಂದಿಯನ್ನು ಎದುರುಗೊಳ್ಳುತ್ತಾರೆ, ಪ್ರತಿ ಸಲ ಸರಾಸರಿ 15 ಸೆಕೆಂಡು. ಅಂದರೆ ಸಂಸ್ಥೆಯ ಹೆಸರು ಉಳಿಯುವುದೋ ಕೆಡುವುದೋ ವರ್ಷಕ್ಕೆ 5 ಕೋಟಿ ಸಲ ತೀರ್ಮಾನವಾಗುತ್ತದೆ. ಆ 15 ಸೆಕೆಂಡಿನಲ್ಲಿ ಮೇಲಿನವರನ್ನು ಕೇಳಿ ಬರಲು ಪುರುಸೊತ್ತೆಲ್ಲಿ? ಎದುರಿಗಿದ್ದವರೇ ತೀರ್ಮಾನ ಮಾಡಲಿ ಎಂದು ಅಧಿಕಾರವನ್ನು ಕೆಳಕ್ಕೆ ಇಳಿಸಿದರು.

ಮ್ಯಾನೇಜ್‌ಮೆಂಟ್ ಭಾಷಣಗಳಲ್ಲಿ ಕಥೆ ಇಲ್ಲಿಗೇ ನಿಲ್ಲುತ್ತದೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಅವರು ವಿಮಾನಗಳ ಬಗ್ಗೆ ಮಾಡಿದ ತೀರ್ಮಾನ. ನಮ್ಮ ಗ್ರಾಹಕ ಪದೇಪದೇ ಓಡಾಡುವ ವ್ಯಾಪಾರಸ್ಥ ಎಂದು ಮೊದಲು ಗೊತ್ತುಮಾಡಿಕೊಂಡರು. ಅವನಿಗೆ ಬೇಕಾದದ್ದು ದಿನಕ್ಕೆ ಹಲವು ನೇರ ವಿಮಾನಗಳು. ಸಂಸ್ಥೆ ಆಗಷ್ಟೇ ಕೊಂಡಿದ್ದ ದೊಡ್ಡ ಏರ್‌ಬಸ್‌ಗಳು ತುಂಬಬೇಕಾದರೆ ಹಾರಾಟಗಳನ್ನು ಕಡಿಮೆ ಮಾಡಬೇಕಿತ್ತು. ಕಾರ್ಲ್‌ಸನ್ ಹೊಸ ಏರ್‌ಬಸ್‌ಗಳನ್ನು ಬದಿಗಿಟ್ಟು ಹಳೆಯ, ಸಣ್ಣ ಡಿಸಿ-9 ವಿಮಾನಗಳನ್ನೇ ಓಡಿಸಿದರು. ಮರುವರ್ಷವೇ ಸಂಸ್ಥೆ ಲಾಭಕ್ಕೆ ಬಂತು. ಕಣ್ಣೆದುರು ಹೊಸ ವಿಮಾನ ನಿಂತಿದ್ದಾಗ ಹಳೆಯದನ್ನು ಆರಿಸಿಕೊಳ್ಳುವುದು ಕಸ್ಟಮರ್ ಕೇರ್ ವಿಭಾಗದ ಕೈಯಲ್ಲಿ ಆಗುವ ಕೆಲಸವಲ್ಲ.

ಹಾಗಾದರೆ ಇದು ದುಡ್ಡಿದ್ದವರ ಆಟವೇ? ಮೆತ್ತನೆ ಸೋಫಾ, ಎಸಿ, ಬಂದ ಕೂಡಲೇ ಜ್ಯೂಸ್? ಅದಕ್ಕೆ ಉತ್ತರ ಬೇಕಿದ್ದರೆ ಬೆಂಗಳೂರಿನ ಯಾವುದೇ ದರ್ಶಿನಿಗೆ ಬೆಳಗ್ಗೆ ಎಂಟೂವರೆಗೆ ಹೋಗಿ ನಿಲ್ಲಿ. 1983ರಲ್ಲಿ ಆರ್. ಪ್ರಭಾಕರ್ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆದಾಗ ಹೋಟೆಲಿನಿಂದ ತೆಗೆದದ್ದೇ ಹೆಚ್ಚು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಟಿಪ್ಸ್ ಇಲ್ಲ. ದುಡ್ಡು ಕೊಟ್ಟು ಚೀಟಿ ಪಡೆದು ಮುಂದಕ್ಕೆ ಚಾಚಿದರೆ ತಟ್ಟೆ ಬರುತ್ತದೆ. ಎತ್ತರದ ಮೇಜಿನ ಮುಂದೆ ನಿಂತು ತಿಂದರೆ ಆಯಿತು. ಆದರೆ ಅಡುಗೆಮನೆ ಕಣ್ಣೆದುರಿಗೇ ಇದೆ, ಇಡ್ಲಿ ಹಬೆಯಾಡುತ್ತಿದೆ, ಆಫೀಸಿಗೆ ತಡವಾಗುವುದಿಲ್ಲ, ಜೇಬಿಗೂ ಭಾರವಿಲ್ಲ. ಎಷ್ಟೇ ನೂಕುನುಗ್ಗಲಿದ್ದರೂ ಒಳಗಿನವನು ಒಂದು ಪ್ರಶ್ನೆ ಮಾತ್ರ ಬಿಡುವುದಿಲ್ಲ: "ಸಾಂಬಾರ್ ಡಿಪ್ಪಾ, ಸಪರೇಟಾ?" ಇಡ್ಲಿ ಮುಳುಗಿರಬೇಕೋ ಬೇಡವೋ ಎಂಬುದರಲ್ಲಿ ಮಾತ್ರ ಜನ ರಾಜಿಯಾಗುವುದಿಲ್ಲ ಎಂದು ಅವನಿಗೆ ಗೊತ್ತು. ಜನರನ್ನು ಕೇಳಿದ್ದರೆ ಕುರ್ಚಿ ಬೇಕು ಎಂದೇ ಹೇಳುತ್ತಿದ್ದರೇನೋ. ಕೇಳಿದ್ದೆಲ್ಲ ಕೊಡಬೇಕು ಎಂಬ ಇನ್ನೊಂದು ತಪ್ಪು ಕಲ್ಪನೆಗೂ ಅಲ್ಲೇ ಉತ್ತರವಿದೆ.

ಇದಕ್ಕೆ ತದ್ವಿರುದ್ಧ ಕಿಂಗ್‌ಫಿಷರ್ ಏರ್‌ಲೈನ್ಸ್. 2005ರಲ್ಲಿ ಶುರುವಾದಾಗ ಒಬ್ಬೊಬ್ಬ ಪ್ರಯಾಣಿಕನ ಮುಂದೂ ಟಿವಿ ಪರದೆ, ಒಳ್ಳೆಯ ಊಟ, ರಾಜೋಪಚಾರ. ಒಳಗಿನ ಲೆಕ್ಕ ಕೈಕೊಟ್ಟ ಮೇಲೆ 2011ರ ಕೊನೆಗೆ ಹಾರಾಟಗಳು ಸಾಲುಸಾಲಾಗಿ ರದ್ದಾದವು. ಸಂಬಳ ಕಾಣದ ನೌಕರರು ಕೆಲಸ ನಿಲ್ಲಿಸಿದರು. 2012ರ ಅಕ್ಟೋಬರಿನಲ್ಲಿ ಹಾರಾಟವೇ ನಿಂತಿತು. ಟಿಕೆಟ್ ಕೊಂಡವನಿಗೆ ಎಲ್ಲಕ್ಕಿಂತ ಮೊದಲು ಬೇಕಿದ್ದುದು ವಿಮಾನ ಹೊರಡುವುದು. ಪರದೆ, ಊಟ ಎಲ್ಲ ಆಮೇಲಿನ ಮಾತು.

"ನಮಗೆ ದೂರೇ ಬರೋಲ್ಲ" ಎಂದು ಹೆಮ್ಮೆ ಪಡುವ ಮಾಲೀಕರೂ ಇದ್ದಾರೆ. ದೂರು ಕೊಡುವವನು ನಿಮ್ಮನ್ನು ಇನ್ನೂ ಬಿಟ್ಟಿಲ್ಲ. ಬಿಟ್ಟವನು ಜಗಳ ಆಡುವುದಿಲ್ಲ, ಪಕ್ಕದ ಅಂಗಡಿಗೆ ಹೋಗುತ್ತಾನೆ, ಮದುವೆ ಮನೆಯಲ್ಲಿ ನಾಲ್ಕು ಜನರ ಮುಂದೆ ಹೇಳುತ್ತಾನೆ.

ಇನ್ನು ಅಂಕದ ಹುಚ್ಚು. 2003ರಲ್ಲಿ ಫ್ರೆಡ್ ರೈಕೆಲ್ಡ್ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಒಂದು ಸರಳ ಉಪಾಯ ಮುಂದಿಟ್ಟರು: ನಮ್ಮ ಬಗ್ಗೆ ನಿಮ್ಮ ಸ್ನೇಹಿತರಿಗೆ ಹೇಳುತ್ತೀರಾ ಎಂದು ಕೇಳಿ, 0ಯಿಂದ 10ರೊಳಗೆ ಅಂಕ ತೆಗೆದುಕೊಳ್ಳಿ. 9, 10 ಕೊಟ್ಟವರ ಶೇಕಡಾವಾರಿನಿಂದ 6 ಮತ್ತು ಅದಕ್ಕಿಂತ ಕಡಿಮೆ ಕೊಟ್ಟವರದ್ದನ್ನು ಕಳೆಯಿರಿ. ಉಪಾಯ ಚೆನ್ನಾಗಿಯೇ ಇತ್ತು. ಆ ಅಂಕಕ್ಕೆ ಸಂಬಳ ಕಟ್ಟಿದ್ದೇ ತಡ, ಕಾರು ಸರ್ವಿಸ್ ಮಾಡಿಸಿ ಕೀ ತೆಗೆದುಕೊಳ್ಳುವಾಗ ಹುಡುಗ ಹಲ್ಲುಗಿಂಜುತ್ತಾನೆ: "ಸರ್, ಕಂಪನಿಯಿಂದ ಫೋನ್ ಬರುತ್ತೆ, ಹತ್ತೇ ಕೊಡಿ. ಒಂಬತ್ತು ಕೊಟ್ರೂ ನಮಗೆ ಇನ್ಸೆಂಟಿವ್ ಕಟ್." ಪಾಪ ಎಂದು ಹತ್ತು ಕೊಡುತ್ತೇವೆ. ಬ್ರೇಕ್ ಕಿರ್ರೆನ್ನುತ್ತಲೇ ಇರುತ್ತದೆ, ಮುಖ್ಯ ಕಚೇರಿಯಲ್ಲಿ ಹತ್ತು ದಾಖಲಾಗುತ್ತದೆ. ರೈಕೆಲ್ಡ್ ಅವರೇ 2021ರಲ್ಲಿ ಈ ದುರುಪಯೋಗದ ಬಗ್ಗೆ ಬರೆದರು. ಹಳೆಯ ಗ್ರಾಹಕರು ಮತ್ತೆ ಬಂದು ಎಷ್ಟು ಕೊಂಡರು, ಅವರ ಮಾತು ಕೇಳಿ ಹೊಸಬರೆಷ್ಟು ಬಂದರು ಎಂದು ಲೆಕ್ಕಪುಸ್ತಕದಲ್ಲೇ ನೋಡಿ ಎಂಬುದು ಅವರ ಹೊಸ ಸಲಹೆ. ಕಿರಾಣಿ ಅಂಗಡಿಯ ಶೆಟ್ಟರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಕೊನೆಯದಾಗಿ, ಇದೆಲ್ಲ ಅಮೆರಿಕದಿಂದ ಬಂದ ಹೊಸ ಫ್ಯಾಷನ್ ಎಂಬ ಮಾತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಉಡುಪಿಯಲ್ಲಿ, ಸೋತಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆಯಾದರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗುತ್ತಾನೆ. ದಿನದ ದುಡಿಮೆಯವನು ಕೆಲಸ ಬಿಟ್ಟು ಬ್ಯಾಂಕಿಗೆ ಬರಲಾರ, ಬಂದರೂ ಅಲ್ಲಿ ಎರಡಾಣೆ ಚಾಚಲು ನಾಚುತ್ತಾನೆ. ಹಾಗಾಗಿ ಬ್ಯಾಂಕೇ ನಡೆದುಕೊಂಡು ಹೋಯಿತು, ಏಜೆಂಟನ ಕಮಿಷನ್ನನ್ನೂ ಹೊತ್ತುಕೊಂಡಿತು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಮಾತ್ರ ಊರೂರಿನ ಸಹಕಾರಿ ಸಂಘಗಳಲ್ಲಿ ನಡೆಯುತ್ತಲೇ ಇದೆ. ನಿಶ್ಚಿತ ಠೇವಣಿಗಿಂತ ಅದರ ಬಡ್ಡಿ ಸಾಮಾನ್ಯವಾಗಿ ಕಡಿಮೆ. ಅದು ಗೊತ್ತಿದ್ದೂ ಪೇಟೆಬೀದಿಯ ಹೂವಿನವರು, ಹಣ್ಣಿನವರು ಸಂಜೆಯಾದರೆ ಪಿಗ್ಮಿಯವನ ಕೈಗೆ ದುಡ್ಡು ಹಾಕುತ್ತಾರೆ. ಅವನು ಬಾಗಿಲಿಗೆ ಬರುವುದಕ್ಕೆ ಅವರು ಕೊಡುತ್ತಿರುವ ಬೆಲೆ ಅದು.