ಬೇಸಿಗೆಯ ಓಟವೂ ಓಟಗಾರನ ಮೆಟ್ಟೂ

ಅಮೆರಿಕದ ಪ್ರೌಢಶಾಲೆಗಳಲ್ಲಿ ಗುಡ್ಡಗಾಡು ಓಟದ ಸ್ಪರ್ಧೆಗಳು ಸೆಪ್ಟೆಂಬರಿನಿಂದ ನವೆಂಬರಿನವರೆಗೆ ನಡೆಯುತ್ತವೆ. ಹುಲ್ಲು, ಕೆಸರು, ಏರು, ಇಳಿಜಾರುಗಳನ್ನು ಹಾಯ್ದು ಸಾಮಾನ್ಯವಾಗಿ ಐದು ಕಿಲೋಮೀಟರು ಓಡಬೇಕು. ಶಾಲೆಗೆ ದೀರ್ಘ ರಜೆ ದೊರೆಯುವುದು ಜೂನ್, ಜುಲೈ ತಿಂಗಳುಗಳಲ್ಲಿ. ಸ್ಪರ್ಧೆಗಳು ಮೊದಲಾದ ಬಳಿಕ ಶಕ್ತಿಯನ್ನು ಗಳಿಸಲು ಸಮಯವಿರುವುದಿಲ್ಲ. ಗಳಿಸಿದ್ದನ್ನು ಖರ್ಚು ಮಾಡುವುದಷ್ಟೇ ಉಳಿಯುತ್ತದೆ. ಬೇಸಿಗೆಯ ತರಬೇತಿ ಶಿಬಿರವೆಂಬ ಏರ್ಪಾಡು ಅಲ್ಲಿ ಬೇರೂರಿದುದು ಈ ಕಾರಣದಿಂದ. ಕಾಡಿನ ನಡುವೆ, ಸರೋವರದ ದಂಡೆಯಲ್ಲಿ ಅಥವಾ ಕಾಲೇಜೊಂದರ ಖಾಲಿ ವಸತಿಗೃಹದಲ್ಲಿ ಹುಡುಗ ಹುಡುಗಿಯರು ಒಂದು ವಾರ ಕೂಡಿ ಬಾಳುತ್ತಾರೆ, ಮುಂಜಾನೆ ಓಡುತ್ತಾರೆ, ಹಗಲು ಉಪನ್ಯಾಸ ಕೇಳುತ್ತಾರೆ, ಸಂಜೆ ಮತ್ತೆ ಓಡುತ್ತಾರೆ.

ಈ ಕ್ರಮದ ಹಿಂದಿರುವ ವಿಚಾರಕ್ಕೆ ದಕ್ಷಿಣ ಗೋಲಾರ್ಧದ ಇಬ್ಬರು ಗುರುಗಳ ಋಣ ದೊಡ್ಡದು. ಆಸ್ಟ್ರೇಲಿಯದ ಪರ್ಸಿ ಸೆರುಟಿ ಮೆಲ್ಬೋರ್ನ್ ನಗರಕ್ಕೆ ದೂರವಲ್ಲದ ಪೋರ್ಟ್‌ಸಿ ಎಂಬ ಕಡಲತೀರದಲ್ಲಿ ಶಿಬಿರ ಹೂಡಿದ್ದನು. ಹರ್ಬ್ ಎಲಿಯಟ್ ಎಂಬ ತರುಣನು ಅಲ್ಲಿಗೆ ಬಂದುದರ ಕಥೆ ಸ್ವಾರಸ್ಯವಾದುದು. ಶಾಲೆಯಲ್ಲಿ ಕಾಲಿನ ಮೇಲೆ ಪಿಯಾನೊ ಬಿದ್ದು ಗಾಯವಾಗಿ ಅವನ ಓಟವೇ ನಿಂತುಹೋಗಿತ್ತು. ೧೯೫೬ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಸೋವಿಯತ್ ಓಟಗಾರ ಕೂಟ್ಸನ ಗೆಲುವನ್ನು ಕಂಡಮೇಲೆ ಮತ್ತೆ ಮನಸ್ಸು ಕುದುರಿ ಸೆರುಟಿಯ ಬಳಿ ಸೇರಿದನು. ಪೋರ್ಟ್‌ಸಿಯಲ್ಲಿ ಕಡಿದಾದ ಮರಳ ದಿಬ್ಬವನ್ನು ಬರಿಗಾಲಿನಲ್ಲಿ ಮತ್ತೆ ಮತ್ತೆ ಏರಿಸುವುದೇ ಪಾಠ. ೧೯೬೦ರ ರೋಮ್ ಒಲಿಂಪಿಕ್ಸಿನಲ್ಲಿ ಎಲಿಯಟ್ ೧೫೦೦ ಮೀಟರನ್ನು ೩ ನಿಮಿಷ ೩೫.೬ ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆಯೊಡನೆ ಚಿನ್ನ ಗೆದ್ದನು.

ಮತ್ತೊಬ್ಬನು ನ್ಯೂಜಿಲೆಂಡಿನ ಆರ್ಥರ್ ಲಿಡಿಯರ್ಡ್. ಇವನು ಆಕ್ಲೆಂಡಿನ ಪಾದರಕ್ಷೆಯ ಕಾರ್ಖಾನೆಯೊಂದರಲ್ಲಿ ದುಡಿದವನು. ಓಟವನ್ನೂ ಮೆಟ್ಟನ್ನೂ ಒಂದೇ ಕಣ್ಣಿನಿಂದ ನೋಡಬಲ್ಲವನಾಗಿದ್ದನು. ತನ್ನ ಶಿಷ್ಯರ ಬೂಟುಗಳನ್ನು ತಾನೇ ಹೊಲಿದುಕೊಡುವಷ್ಟು ಕೈಪಳಗಿದವನು. ಎಷ್ಟು ದೂರ ಓಡಿದರೆ ದೇಹ ಬಲಗೊಳ್ಳುತ್ತದೆ, ಎಷ್ಟಾದರೆ ಕುಸಿಯುತ್ತದೆ ಎಂಬುದನ್ನು ವರ್ಷಗಟ್ಟಲೆ ತನ್ನ ಮೈಮೇಲೆಯೇ ಪರೀಕ್ಷಿಸಿ, ಸ್ಪರ್ಧೆಗೆ ಮುನ್ನ ಹಲವು ವಾರಗಳ ಕಾಲ ವಾರಕ್ಕೆ ನೂರು ಮೈಲಿಯಂತೆ ಹಿತವಾದ ವೇಗದಲ್ಲಿ ಓಡಬೇಕೆಂಬ ನಿರ್ಣಯಕ್ಕೆ ಬಂದನು. ರೋಮಿನಲ್ಲಿ ಒಂದೇ ಮಧ್ಯಾಹ್ನ, ಹೆಚ್ಚು ಕಡಿಮೆ ಒಂದು ಗಂಟೆಯ ಅಂತರದಲ್ಲಿ, ಅವನ ಶಿಷ್ಯರಾದ ಪೀಟರ್ ಸ್ನೆಲ್ ೮೦೦ ಮೀಟರಿನಲ್ಲಿಯೂ ಮರ್ರೆ ಹಾಲ್‌ಬರ್ಗ್ ೫೦೦೦ ಮೀಟರಿನಲ್ಲಿಯೂ ಗೆದ್ದರು. ೮೦೦ ಮೀಟರು ಓಡುವವನಿಗೆ ನೂರು ಮೈಲಿಯ ಸಾಧನೆ ಏಕೆ ಎಂದು ನಗುತ್ತಿದ್ದವರು ಆಮೇಲೆ ನಗಲಿಲ್ಲ.

ಆದರೆ ಆ ನೂರು ಮೈಲಿ ಪ್ರಾಯಕ್ಕೆ ಬಂದವರ ಲೆಕ್ಕ. ಎಳೆಯರನ್ನು ಅತಿವೇಗದ ಕಸರತ್ತಿನಿಂದ ದಣಿಸಬಾರದೆಂದು ಲಿಡಿಯರ್ಡನೇ ಎಚ್ಚರಿಸಿದ್ದನು. ಅನೇಕ ಶಿಬಿರಗಳು ಅವನ ಮೈಲಿಗಳನ್ನು ತೆಗೆದುಕೊಂಡು ಈ ಎಚ್ಚರಿಕೆಯನ್ನು ಬಿಟ್ಟುಬಿಟ್ಟಿವೆ.

ಇದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಧಾನವಾದ ದೀರ್ಘ ಓಟದಿಂದ ಹೃದಯವು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳಬಲ್ಲದಾಗುತ್ತದೆ. ಮಾಂಸಖಂಡಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಇವೆಲ್ಲ ಕೆಲವೇ ವಾರಗಳಲ್ಲಿ ಅನುಭವಕ್ಕೆ ಬರುತ್ತವೆ. ಎಲುಬೂ ಸ್ನಾಯುರಜ್ಜುಗಳೂ ಅಷ್ಟು ಬೇಗ ಒಗ್ಗುವುದಿಲ್ಲ. ಅವಕ್ಕೆ ತಿಂಗಳುಗಳೇ ಬೇಕು. ಉಸಿರು ಸಿದ್ಧವಾಗಿದೆ, ಎಲುಬು ಸಿದ್ಧವಾಗಿಲ್ಲ. ಎಳೆಯ ಓಟಗಾರನ ಗಾಯಗಳಲ್ಲಿ ಬಹುಪಾಲು ಈ ಅಂತರದಲ್ಲಿಯೇ ಹುಟ್ಟುತ್ತವೆ. ಅವನ ಎಲುಬಿನ ತುದಿಗಳಲ್ಲಿ ಇನ್ನೂ ಬೆಳೆಯುತ್ತಿರುವ ಮೃದ್ವಸ್ಥಿ ಇರುತ್ತದೆ. ಹಿಮ್ಮಡಿಯ ಎಲುಬಿನ ಹಿಂಭಾಗದ ಈ ಬೆಳವಣಿಗೆಯ ಜಾಗದಲ್ಲಿ ಉಂಟಾಗುವ ನೋವನ್ನು ಅಮೆರಿಕದ ವೈದ್ಯ ಸೀವರ್ ೧೯೧೨ರಲ್ಲಿಯೇ ವರ್ಣಿಸಿದ್ದಾನೆ. ಇಂದಿಗೂ ಆ ಬೇನೆಗೆ ಅವನದೇ ಹೆಸರು. ಮನೆಯಲ್ಲಿ ಓಡದೆ ಕುಳಿತಿದ್ದ ಹುಡುಗನು ಶಿಬಿರದ ಒಂದು ವಾರದಲ್ಲಿ ದಿನಕ್ಕೆರಡು ಸಲ ಓಡಿದರೆ ಅವನ ಉತ್ಸಾಹದ ಸಾಲವನ್ನು ಹಿಮ್ಮಡಿಯೂ ಮೊಣಕಾಲ ಕೆಳಗಿನ ಎಲುಬೂ ತೀರಿಸಬೇಕಾಗುತ್ತದೆ. ಶಿಬಿರಕ್ಕೆ ಹೋಗುವ ಮುನ್ನ ನಾಲ್ಕಾರು ವಾರ ಹಗುರವಾಗಿ ಓಡಿ ಬರಬೇಕೆಂದು ಬಲ್ಲ ಗುರುಗಳು ವಿಧಿಸುವುದು ಇದಕ್ಕಾಗಿಯೇ. ಬಿಸಿಲಿಗೆ ಮೈ ಒಗ್ಗುವುದಕ್ಕೂ ಹತ್ತು ಹದಿನಾಲ್ಕು ದಿನಗಳು ಬೇಕಾಗುತ್ತವೆ.

ಇನ್ನು ಪಾದರಕ್ಷೆಯ ವಿಚಾರ. ಬೂಟು ಬೇಕೇ ಬೇಡವೇ ಎಂಬ ಚರ್ಚೆ ನಮ್ಮವರಿಗೆ ಹೊಸದಲ್ಲ. ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟದಲ್ಲಿ ರೈತಾಪಿ ಜನರು ಬರಿಗಾಲಿನಲ್ಲಿ ಓಡಿದ ವೇಗವನ್ನು ಕಂಡೇ ದೊರಾಬ್ಜಿ ಟಾಟಾ ಅವರು ೧೯೨೦ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದ ತಂಡವನ್ನು ಕಳುಹಿಸಲು ಮುಂದಾದರು. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರಿದ್ದರು. ಮ್ಯಾರಥಾನ್ ಓಟದಲ್ಲಿ ಅವರಿಗೆ ಹತ್ತೊಂಬತ್ತನೆಯ ಸ್ಥಾನ. ಬೆಳಗಾವಿ ಅಂದು ಮುಂಬಯಿ ಪ್ರಾಂತದಲ್ಲಿತ್ತು. ಹೀಗಾಗಿ ಈ ಕೀರ್ತಿಯಲ್ಲಿ ಪಾಲು ಕೇಳುವವರು ಇಬ್ಬರಾದರು. ಇಥಿಯೋಪಿಯದ ಅಬೆಬೆ ಬಿಕಿಲ ೧೯೬೦ರಲ್ಲಿ ರೋಮಿನ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿಯೇ ಓಡಿ ಮ್ಯಾರಥಾನ್ ಗೆದ್ದನು. ನಾಲ್ಕು ವರ್ಷಗಳ ತರುವಾಯ ಟೋಕಿಯೊದಲ್ಲಿ ಬೂಟು ಧರಿಸಿ ಗೆದ್ದಾಗ ಮೂರು ನಿಮಿಷ ಮುಂಚಿತವಾಗಿ ಗುರಿ ಮುಟ್ಟಿದ್ದನು. ದಾರಿಗಳು ಬೇರೆಯಾದುದರಿಂದ ಆ ಮೂರು ನಿಮಿಷವನ್ನು ಬೂಟಿನ ಖಾತೆಗೇ ಜಮಾ ಮಾಡುವುದು ನ್ಯಾಯವಲ್ಲ. ಬರಿಗಾಲಿನಲ್ಲಿ ಓಡಿ ಬೆಳೆದವರು ಹೆಚ್ಚಾಗಿ ಪಾದದ ಮುಂಭಾಗವನ್ನು ಮೊದಲು ಊರುತ್ತಾರೆಂದೂ, ದಪ್ಪ ಹಿಮ್ಮಡಿಯ ಬೂಟಿಗೆ ಒಗ್ಗಿದವರು ಹಿಮ್ಮಡಿಯನ್ನು ಮೊದಲು ಊರುತ್ತಾರೆಂದೂ ಹಾರ್ವರ್ಡಿನ ಲೀಬರ್‌ಮನ್ ಮತ್ತು ಸಂಗಡಿಗರು ೨೦೧೦ರಲ್ಲಿ ತೋರಿಸಿದರು. ಅದನ್ನೋದಿ ಒಂದೇ ದಿನದಲ್ಲಿ ಬೂಟು ಕಳಚಿ ಓಡಿದ ನಗರವಾಸಿಗಳ ಮೀನಖಂಡಗಳು ಹಿಡಿದುಕೊಂಡುದು ಆಶ್ಚರ್ಯವಲ್ಲ.

ಅಮೆರಿಕದ ಆರೆಗನ್ ವಿಶ್ವವಿದ್ಯಾನಿಲಯದ ಗುರು ಬಿಲ್ ಬವರ್‌ಮನ್ ಈ ವಿಷಯವನ್ನು ತೂಕದ ಲೆಕ್ಕದಿಂದ ನೋಡಿದನು. ಹೆಜ್ಜೆಯೊಂದಕ್ಕೆ ಆರು ಅಡಿಯೆಂದರೆ ಮೈಲಿಗೆ ೮೮೦ ಹೆಜ್ಜೆ. ಒಂದೊಂದು ಬೂಟಿನಲ್ಲಿ ಒಂದು ಔನ್ಸ್ ಉಳಿದರೆ ಮೈಲಿಯೊಂದಕ್ಕೆ ೫೫ ಪೌಂಡು ಎತ್ತುವ ಶ್ರಮ ಉಳಿಯಿತು. ಅವನು ಶಿಷ್ಯ ಫಿಲ್ ನೈಟನೊಡನೆ ತಲಾ ೫೦೦ ಡಾಲರು ಹಾಕಿ ೧೯೬೪ರಲ್ಲಿ ಹೂಡಿದ ವ್ಯಾಪಾರವೇ ಮುಂದೆ ನೈಕಿ ಆಯಿತು. ಹೆಂಡತಿಯ ವಾಫಲ್ ತಿಂಡಿಯ ಕಾವಲಿಯಲ್ಲಿ ಯುರೆಥೇನ್ ದ್ರವ ಹೊಯ್ದು ಚೌಕುಳಿ ಅಟ್ಟೆಯನ್ನು ಅವನು ಕಂಡುಹಿಡಿದುದು ಪ್ರಸಿದ್ಧ. ಮೊದಲ ಸಲ ಕಾವಲಿಯೇ ಅಂಟಿಕೊಂಡು ಹಾಳಾಯಿತು. ನಮ್ಮ ಮನೆಗಳಲ್ಲಿ ದೋಸೆಯ ಕಾವಲಿಗೆ ಆ ಗತಿ ಬಂದಿದ್ದರೆ ಸಂಶೋಧನೆ ಅಲ್ಲಿಗೇ ಮುಗಿಯುತ್ತಿತ್ತು.

ಓಟಗಾರನಿಗೆ ಎರಡು ಬಗೆಯ ಬೂಟು ಬೇಕು. ನಿತ್ಯದ ಓಟಕ್ಕೆ ಮೆತ್ತನೆಯ ಅಟ್ಟೆಯದು. ಸ್ಪರ್ಧೆಗೆ ತೆಳು ಅಟ್ಟೆಯ ಮುಳ್ಳುಬೂಟು. ಕೃತಕ ಟ್ರ್ಯಾಕಿನ ಮೇಲೆ ಓಟದ ಮುಳ್ಳು ಒಂಬತ್ತು ಮಿಲಿಮೀಟರನ್ನು ಮೀರಕೂಡದೆಂಬುದು ಅಂತರರಾಷ್ಟ್ರೀಯ ನಿಯಮ. ಕೆಸರಿನಲ್ಲಿ ಓಡುವವನಿಗೆ ಇನ್ನೂ ಉದ್ದನೆಯದು ಬೇಕಾಗುತ್ತದೆ. ತಿರುಗಿಸಿ ತೆಗೆದು ಹಾಕಬಹುದಾದ ಮುಳ್ಳುಗಳಿರುವುದರಿಂದ ಒಂದೇ ಜೊತೆ ಎರಡಕ್ಕೂ ಸಾಕು. ೨೦೧೭ರ ಈಚೆಗೆ ಇಂಗಾಲದ ತಗಡನ್ನು ಒಳಗಿಟ್ಟ ದಪ್ಪ ಬೂಟುಗಳು ಬಂದು ದಾಖಲೆಗಳು ಉರುಳಿದ ಮೇಲೆ ಅಟ್ಟೆಯ ದಪ್ಪಕ್ಕೂ ಮಿತಿ ಹಾಕಬೇಕಾಯಿತು. ೨೦೨೪ರ ನವೆಂಬರಿನಿಂದ ಟ್ರ್ಯಾಕ್ ಓಟಕ್ಕೆ ೨೦ ಮಿಲಿಮೀಟರು. ಹದಿನಾಲ್ಕು ವರ್ಷದ ಹುಡುಗನಿಗೆ ಇಂಥ ದುಬಾರಿ ಬೂಟಿನ ಅಗತ್ಯವಿಲ್ಲ. ಅವನ ವೇಗ ವರ್ಷ ವರ್ಷಕ್ಕೂ ಬೆಳವಣಿಗೆಯಿಂದಲೇ ಹೆಚ್ಚುತ್ತದೆ.

ಹಣವನ್ನು ಹಾಕುವುದಾದರೆ ನಿತ್ಯದ ಬೂಟಿಗೆ ಹಾಕಬೇಕು. ಅದರ ಆಯುಸ್ಸು ಸಾಮಾನ್ಯವಾಗಿ ೫೦೦ರಿಂದ ೮೦೦ ಕಿಲೋಮೀಟರು. ವಾರಕ್ಕೆ ೫೦ ಕಿಲೋಮೀಟರಿನಂತೆ ಹತ್ತು ವಾರ ಓಡಿದರೆ ಬೇಸಿಗೆಯೊಂದರಲ್ಲಿಯೇ ೫೦೦ ಆಯಿತು. ಮೇಲ್ಭಾಗ ಹೊಸದರಂತೆ ಹೊಳೆಯುತ್ತಿದ್ದರೂ ಒಳಗಿನ ಮೆತ್ತೆ ಸತ್ತಿರುತ್ತದೆ. ಅದೇ ಬೂಟಿನಲ್ಲಿ ಶರತ್ಕಾಲದ ಸ್ಪರ್ಧೆಗಳಿಗೂ ಅಭ್ಯಾಸ ನಡೆಸುವುದು ಉಳಿತಾಯವಲ್ಲ.

ನಮ್ಮಲ್ಲಿ ಗುಡ್ಡಗಾಡು ಓಟದ ಪ್ರಮುಖ ಸ್ಪರ್ಧೆಗಳು ಚಳಿಗಾಲದವು. ಏಪ್ರಿಲ್ ಮೇ ರಜೆಗೂ ಅವಕ್ಕೂ ನಡುವೆ ಇಡೀ ಮಳೆಗಾಲವಿದೆ. ಮುಂಬಯಿ ಪುಣೆಗಳ ಮಕ್ಕಳು ಹಾಗಾಗಿ ಅವಸರಪಡಬೇಕಾಗಿಲ್ಲ: ಬಿಸಿಲೇರುವ ಮುನ್ನ, ಸಾಧ್ಯವಾದಷ್ಟೂ ಮಣ್ಣಿನ ಮೇಲೆ, ಮಾತನಾಡುತ್ತ ಓಡಬಲ್ಲ ವೇಗದಲ್ಲಿ ಓಡಿದರೆ ಸಾಕು. ಬೂಟು ಕೊಳ್ಳುವಾಗ ಮಾತ್ರ ತಂದೆತಾಯಿಗಳು ಒಂದು ಹಳೆಯ ಅಭ್ಯಾಸವನ್ನು ಬಿಡಬೇಕು. ಮುಂದಿನ ವರ್ಷಕ್ಕೂ ಆದೀತೆಂದು ದೊಡ್ಡ ಅಳತೆಯದನ್ನು ಕೊಂಡರೆ ಪಾದ ಒಳಗೆ ಜಾರಿ ಬೊಕ್ಕೆಗಳೇಳುತ್ತವೆ, ಇಳಿಜಾರಿನಲ್ಲಿ ಉಗುರು ಕಪ್ಪಾಗುತ್ತದೆ. ಪಾದ ತುಸು ಊದಿರುವ ಸಂಜೆಯ ಹೊತ್ತಿನಲ್ಲಿ, ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಸಿ, ನಿಲ್ಲಿಸಿ ನೋಡಬೇಕು. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗವಿದ್ದರೆ ಅದೇ ಸರಿಯಾದ ಅಳತೆ.